ಬಿ12 ಯಾಕೆ ಕಮ್ಮಿ ಆಯ್ತು ಅನ್ನೋದನ್ನೂ ಬರೀರಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಬಿ12 ಕೊರತೆ ಬಗ್ಗೆ ಆಗಾಗ ಲೇಖನ ಬರ್ತಾ ಇರತ್ತೆ, ತಪ್ಪದೇ ಓದ್ತೀನಿ. ಸುಸ್ತು, ಕೈಕಾಲು ಜೋಮು, ನಾಲಿಗೆ ಉರಿ, ಮರೆವು ಅಂತ ಲಕ್ಷಣ ಎಲ್ಲ ಸರಿಯಾಗೇ ಬರೀತೀರ, ಆಮೇಲೆ ಹಾಲು ಮೊಟ್ಟೆ ಮೀನು ಮಾಂಸ ತಿನ್ನಿ, ಇಲ್ಲಾಂದ್ರೆ ಡಾಕ್ಟರನ್ನ ಕೇಳಿ ಮಾತ್ರೆ ತಗೊಳ್ಳಿ ಅಂತ ಮುಗಿಸಿಬಿಡ್ತೀರ. ನನ್ನ ತಕರಾರು ಇರೋದು ಅಲ್ಲೇ. ಎಲ್ಲಾನೂ ಚೆನ್ನಾಗಿ ತಿಂತಾ ಇದ್ದರೂ ಬಿ12 ತಳ ಕಂಡಿರೋ ಜನ ಇದಾರೆ, ಅವರ ತಟ್ಟೆಯಲ್ಲಿ ಏನೂ ಕೊರತೆ ಇರಲ್ಲ, ಅವರದ್ದೇ ರೋಗನಿರೋಧಕ ಕಣಗಳು ಅವರ ಜಠರದ ಮೇಲೆ ತಿರುಗಿ ಬಿದ್ದಿರತ್ತೆ. ಇದಕ್ಕೆ ಪರ್ನಿಶಿಯಸ್ ಅನೀಮಿಯಾ ಅಂತಾರೆ. ಈ ಹೆಸರು ನಿಮ್ಮ ಪುಟದಲ್ಲಿ ಬಂದಿದ್ದು ನನಗೆ ನೆನಪಿಲ್ಲ, ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಓದಿ.

ನಾನು ರಕ್ತ ಪರೀಕ್ಷೆ ಲ್ಯಾಬಲ್ಲಿ ಮೈಕ್ರೋಸ್ಕೋಪ್ ಮುಂದೆ ಕೂತು ಸ್ಲೈಡ್ ನೋಡೋ ಕೆಲಸದವನು. ಈ ಕಾಯಿಲೆ ಸ್ಲೈಡಲ್ಲಿ ಹೇಗೆ ಕಾಣತ್ತೆ ಅಂತ ಮೊದಲು ಹೇಳ್ತೀನಿ. ಲೀಶ್‌ಮನ್ ಸ್ಟೇನ್ ಅನ್ನೋ ಬಣ್ಣ ಹಾಕಿದ ಮೇಲೆ ನ್ಯೂಟ್ರೋಫಿಲ್ ಅನ್ನೋ ಬಿಳಿ ಕಣದ ನ್ಯೂಕ್ಲಿಯಸ್ಸು ನೇರಳೆ ಬಣ್ಣಕ್ಕೆ ತಿರುಗತ್ತೆ, ಅದು ಒಂದೇ ಉಂಡೆಯಾಗಿರಲ್ಲ, ಮೂರ್ನಾಲ್ಕು ತುಂಡಾಗಿ, ಮಧ್ಯ ಕೂದಲೆಳೆಯಷ್ಟು ತೆಳ್ಳಗಿನ ಕೊಂಡಿಯಿಂದ ಸೇರಿಕೊಂಡಿರತ್ತೆ. ಬಿ12 ಕೊರತೆ ಇರೋರ ಸ್ಲೈಡಲ್ಲಿ ಈ ತುಂಡುಗಳು ಐದು, ಆರು, ಕೆಲವೊಮ್ಮೆ ಇನ್ನೂ ಜಾಸ್ತಿ ಇರತ್ತೆ. ನೂರು ನ್ಯೂಟ್ರೋಫಿಲ್‌ನಲ್ಲಿ ಐದಕ್ಕಿಂತ ಜಾಸ್ತಿ ಕಣಕ್ಕೆ ಐದು ಲೋಬ್, ಅಂದ್ರೆ ತುಂಡು, ಕಂಡ್ರೂ ಸರಿ, ಆರು ಲೋಬಿನ ಒಂದೇ ಒಂದು ಕಣ ಕಂಡ್ರೂ ಸರಿ, ರಿಪೋರ್ಟಲ್ಲಿ ಹೈಪರ್‌ಸೆಗ್ಮೆಂಟೆಡ್ ಅಂತ ಬರೀತೀವಿ. ಪಕ್ಕದಲ್ಲೇ ಕೆಂಪು ಕಣಗಳು ಮೊಟ್ಟೆ ಆಕಾರಕ್ಕೆ ಊದಿಕೊಂಡಿರತ್ತೆ. ಮಾಮೂಲಾಗಿ ಕೆಂಪು ಕಣ ಅಂದ್ರೆ ಲಿಂಫೋಸೈಟ್ ಅನ್ನೋ ಇನ್ನೊಂದು ಜಾತಿಯ ಸಣ್ಣ ಬಿಳಿ ಕಣದ ನ್ಯೂಕ್ಲಿಯಸ್ಸಿನಷ್ಟು ಅಗಲ, ಇಲ್ಲಿ ಅದನ್ನ ಮೀರಿಸಿರತ್ತೆ, ಮಿಷಿನ್ನಲ್ಲಿ ಎಂಸಿವಿ, ಅಂದ್ರೆ ಕೆಂಪು ಕಣದ ಸರಾಸರಿ ಗಾತ್ರ, 100 ದಾಟಿರತ್ತೆ. ಇಷ್ಟು ಕಂಡ್ರೆ ಫೋಲೇಟ್ ಅನ್ನೋ ಇನ್ನೊಂದು ಬಿ ವಿಟಮಿನ್ನೋ ಬಿ12ಓ ಕಮ್ಮಿ ಅಂತ ಅನುಮಾನ ಬರತ್ತೆ, ಆದ್ರೆ ಯಾಕೆ ಕಮ್ಮಿ ಆಯ್ತು ಅನ್ನೋದನ್ನ ಸ್ಲೈಡು ಹೇಳಲ್ಲ. ಆ ಪ್ರಶ್ನೆನ ಯಾರಾದ್ರೂ ಬಾಯಿಬಿಟ್ಟು ಕೇಳಲೇಬೇಕು, ಮತ್ತೆ ಮತ್ತೆ ಬಿಟ್ಟು ಹೋಗ್ತಿರೋದು ಇದೇ ಪ್ರಶ್ನೆ.

ಹೊಟ್ಟೆ ಒಳಗೆ ಏನು ನಡೆಯತ್ತೆ ನೋಡಿ. ಜಠರದ ಮೇಲ್ಭಾಗ ಮತ್ತೆ ನಡುಭಾಗದ ಒಳಪದರದಲ್ಲಿ ಪರೈಟಲ್ ಸೆಲ್ ಅಂತ ಇರತ್ತೆ, ಅದಕ್ಕೆ ಎರಡು ಕೆಲಸ, ಒಂದು ಆಸಿಡ್ ಸುರಿಸೋದು, ಇನ್ನೊಂದು ಇಂಟ್ರಿನ್ಸಿಕ್ ಫ್ಯಾಕ್ಟರ್ ಅನ್ನೋ ಪ್ರೋಟೀನ್ ತಯಾರಿಸೋದು. ಊಟದಿಂದ ಬಂದ ಬಿ12 ಬಹುಪಾಲು ತಾನಾಗೇ ರಕ್ತಕ್ಕೆ ಸೇರಲ್ಲ, ಈ ಪ್ರೋಟೀನು ಅದನ್ನ ಕೈ ಹಿಡಿದು ಸಣ್ಣ ಕರುಳಿನ ಕೊನೆ ತನಕ ಕರ್ಕೊಂಡು ಹೋಗಿ ಬಿಟ್ಟರೆ ಮಾತ್ರ ಅಲ್ಲಿನ ರಿಸೆಪ್ಟರ್ ಅದನ್ನ ಒಳಗೆ ತಗೊಳತ್ತೆ. ಈ ಸಂಗತಿ ಕಂಡುಹಿಡಿದ ಕಥೆನೇ ಒಂದು ರೋಚಕ ಕಥೆ. 1920ರ ದಶಕದ ಕೊನೆಯಲ್ಲಿ ಬಾಸ್ಟನ್ನಿನಲ್ಲಿ ವಿಲಿಯಂ ಕ್ಯಾಸಲ್ ಅನ್ನೋ ಡಾಕ್ಟರು ತಾನೇ ಮಾಂಸ ತಿಂದು, ಸ್ವಲ್ಪ ಹೊತ್ತಾದ ಮೇಲೆ ತನ್ನ ಹೊಟ್ಟೆಯಿಂದ ಅದನ್ನ ವಾಪಸ್ ತೆಗೆದು, ಟ್ಯೂಬಲ್ಲಿ ರೋಗಿಗಳ ಹೊಟ್ಟೆಗೆ ಹಾಕಿದ್ರು. ಬರೀ ಮಾಂಸ ಕೊಟ್ಟರೆ ರೋಗಿಗೆ ರಕ್ತ ಏರ್ತಿರಲಿಲ್ಲ, ಬರೀ ಜಠರದ ರಸ ಕೊಟ್ಟರೂ ಇಲ್ಲ, ಎರಡೂ ಸೇರಿಸಿ ಕೊಟ್ಟಾಗ ಏರ್ತು. ಕೇಳೋಕೆ ಹೇಸಿಗೆ ಅನ್ನಿಸಬಹುದು, ಆದ್ರೆ ರೋಗಿಯ ಜಠರದಲ್ಲೇ ಏನೋ ಒಂದು ಇಲ್ಲ ಅಂತ ಅಷ್ಟು ಸರಳವಾಗಿ ತೋರಿಸಿಕೊಟ್ಟ ಪ್ರಯೋಗ ಇದು. ಅದಕ್ಕೆ ಸ್ವಲ್ಪ ಮುಂಚೆ 1926ರಲ್ಲಿ ಮೈನಾಟ್ ಮತ್ತೆ ಮರ್ಫಿ ದಿನಾ ಒಂದಿಷ್ಟು ಲಿವರ್ ತಿನ್ನಿಸಿದರೆ ಸಾಯೋ ರೋಗಿಗಳು ಉಳೀತಾರೆ ಅಂತ ತೋರಿಸಿದ್ರು, ಅವರಿಗೂ, ಅದಕ್ಕೆ ಮುಂಚೆ ನಾಯಿಗಳಿಗೆ ಲಿವರ್ ತಿನ್ನಿಸಿ ನೋಡಿದ್ದ ವಿಪಲ್‌ಗೂ ಸೇರಿ 1934ರಲ್ಲಿ ನೊಬೆಲ್ ಬಂತು. ಈ ಲಿವರ್ ಚಿಕಿತ್ಸೆ ಬರೋ ತನಕ ಈ ಕಾಯಿಲೆ ಬಂತು ಅಂದ್ರೆ ಸಾವೇ. ಬಿ12 ಅನ್ನೋ ವಿಟಮಿನ್ನನ್ನ ಬೇರ್ಪಡಿಸಿ ಕೆಂಪು ಹರಳಾಗಿ ಕಣ್ಣಿಗೆ ಕಾಣೋ ಹಾಗೆ ಮಾಡಿದ್ದು 1948ರಲ್ಲಿ.

ಜಠರದಲ್ಲಿ ಇಲ್ಲದೇ ಇರೋದು ಏನು ಅಂತ ಗೊತ್ತಾಯ್ತು, ಯಾಕೆ ಇಲ್ಲ ಅನ್ನೋದಕ್ಕೆ ಇನ್ನೂ ಮೂವತ್ತು ವರ್ಷ ಹಿಡೀತು. 1950ರ ದಶಕದ ಕೊನೆ, 60ರ ದಶಕದ ಶುರುವಲ್ಲಿ ಈ ರೋಗಿಗಳ ರಕ್ತದಲ್ಲಿ ಇಂಟ್ರಿನ್ಸಿಕ್ ಫ್ಯಾಕ್ಟರ್ ವಿರುದ್ಧ, ಪರೈಟಲ್ ಸೆಲ್ ವಿರುದ್ಧ ಆಂಟಿಬಾಡಿ, ಅಂದ್ರೆ ಶತ್ರುವಿಗೆ ಅಂಟಿಕೊಳ್ಳೋ ರೋಗನಿರೋಧಕ ಪ್ರೋಟೀನುಗಳು, ಸಿಕ್ಕವು. ಪರೈಟಲ್ ಸೆಲ್‌ನಲ್ಲಿ ಆ ಆಂಟಿಬಾಡಿಯ ಗುರಿ ಯಾವುದು ಅಂದ್ರೆ ಆಸಿಡ್ ಸುರಿಸೋ ಪ್ರೋಟಾನ್ ಪಂಪೇ, ಅಂದ್ರೆ ಗ್ಯಾಸ್ಟ್ರಿಕ್ ಮಾತ್ರೆಗಳು ಆಫ್ ಮಾಡೋದು ಯಾವುದನ್ನೋ ಅದೇ ಪಂಪು. ಹಾಗಾಗಿ ತುಂಬಾ ಜನ ಆಂಟಿಬಾಡಿನೇ ಖಳನಾಯಕ ಅಂದ್ಕೋತಾರೆ. ವಿಷಯ ಹಾಗಿಲ್ಲ. ಈ ಪಂಪು ಕೂತಿರೋದು ಸೆಲ್ಲಿನ ಒಳಗಡೆ ಸಣ್ಣ ಸಣ್ಣ ಕಾಲುವೆ ತರ ಇರೋ ಜಾಗದಲ್ಲಿ, ರಕ್ತದಲ್ಲಿ ಓಡಾಡೋ ಆಂಟಿಬಾಡಿಗೆ ಅಲ್ಲಿಗೆ ಸುಲಭಕ್ಕೆ ಕೈ ಎಟುಕಲ್ಲ. ಇಲಿಗಳಲ್ಲಿ ಮಾಡಿದ ಪ್ರಯೋಗದಲ್ಲಿ ಕಾಯಿಲೆ ಇರೋ ಇಲಿಯಿಂದ ಸಿಡಿ4 ಟಿ ಸೆಲ್ (ಬೇರೆ ರೋಗನಿರೋಧಕ ಕಣಗಳನ್ನ ಹುರಿದುಂಬಿಸೋ ಒಂದು ಜಾತಿ ಲಿಂಫೋಸೈಟ್) ತೆಗೆದು, ಸ್ವಂತ ಟಿ ಸೆಲ್ ಇಲ್ಲದ ಇಲಿಗೆ ಹಾಕಿದ್ರೆ ಅದಕ್ಕೂ ಜಠರದ ಕಾಯಿಲೆ ಬರತ್ತೆ. ಇನ್ನೂ ದೊಡ್ಡ ಸಾಕ್ಷಿ ಮನುಷ್ಯರಲ್ಲೇ ಇದೆ, ಹುಟ್ಟಿನಿಂದಲೋ ಆಮೇಲೋ ಆಂಟಿಬಾಡಿ ಸರಿಯಾಗಿ ತಯಾರಾಗದೇ ಇರೋ ಜನಕ್ಕೂ ಪರ್ನಿಶಿಯಸ್ ಅನೀಮಿಯಾ ಬರೋದುಂಟು. ಆಂಟಿಬಾಡಿ ಇಲ್ಲದೇನೂ ಕಾಯಿಲೆ ಬರತ್ತೆ ಅಂದ ಮೇಲೆ ಪರೈಟಲ್ ಸೆಲ್ಲನ್ನ ಮುಖ್ಯವಾಗಿ ಹಾಳು ಮಾಡ್ತಿರೋದು ಟಿ ಸೆಲ್ ಅಂತಾನೇ ಆಯ್ತಲ್ಲ.

ಟಿ ಸೆಲ್ ಯಾಕೆ ಹೀಗೆ ಮಾಡತ್ತೆ? ನಮ್ಮ ದೇಹದ್ದೇ ಪ್ರೋಟೀನನ್ನ ಶತ್ರು ಅಂತ ತಿಳಿಯೋ ಟಿ ಸೆಲ್‌ಗಳು ಎಲ್ಲರಲ್ಲೂ ಅಲ್ಪಸ್ವಲ್ಪ ಇರತ್ತೆ, ಅವನ್ನ ಹದ್ದುಬಸ್ತಿನಲ್ಲಿ ಇಡೋಕೆ ರೆಗ್ಯುಲೇಟರಿ ಟಿ ಸೆಲ್ ಅಂತ ಬೇರೆ ಗುಂಪೇ ಇರತ್ತೆ. ಮರಿ ಇಲಿ ಹುಟ್ಟಿದ ಮೂರನೇ ದಿನಕ್ಕೆ ಟಿ ಸೆಲ್ ಬೆಳೆಯೋ ಜಾಗವಾದ ಥೈಮಸ್ ಗ್ರಂಥಿ ತೆಗೆದುಬಿಟ್ರೆ ಈ ಹದ್ದುಬಸ್ತಿನ ಗುಂಪು ಸರಿಯಾಗಿ ಬೆಳೆಯಲ್ಲ, ಕೆಲವು ಜಾತಿ ಇಲಿಗಳಿಗೆ ಆಗ ಜಠರದ ಆಟೋಇಮ್ಯೂನ್ ಕಾಯಿಲೆ, ಅಂದ್ರೆ ದೇಹ ತನ್ನನ್ನೇ ಹೊಡೆಯೋ ಕಾಯಿಲೆ, ಬರೋದುಂಟು. ಮನುಷ್ಯರಲ್ಲಿ ಈ ಹತೋಟಿ ಯಾವ ಗಳಿಗೆಯಲ್ಲಿ ತಪ್ಪತ್ತೆ ಅನ್ನೋದಕ್ಕೆ ವಂಶವಾಹಿ ಒಂದು ಕಾರಣ, ಹೆಲಿಕೋಬ್ಯಾಕ್ಟರ್ ಪೈಲೋರಿ ಸೋಂಕು ಕೆಲವರಲ್ಲಿ ಕಿಡಿ ಹಚ್ಚತ್ತಾ ಅನ್ನೋ ವಾದಾನೂ ಇದೆ, ಆ ಬ್ಯಾಕ್ಟೀರಿಯಾದ ಕೆಲವು ಪ್ರೋಟೀನ್ ತುಣುಕುಗಳನ್ನ ಗುರುತಿಸೋ ಟಿ ಸೆಲ್ಲೇ ನಮ್ಮ ಪ್ರೋಟಾನ್ ಪಂಪನ್ನೂ ಗುರುತಿಸೋದು ರೋಗಿಗಳ ಜಠರದಲ್ಲೇ ಕಂಡಿದೆ. ಒಮ್ಮೆ ಶುರುವಾದ್ರೆ ಸಿಡಿ4 ಸೆಲ್‌ಗಳು ಇಂಟರ್‌ಫೆರಾನ್ ಗಾಮಾ ಅನ್ನೋ ಸಿಗ್ನಲ್ ಬಿಡತ್ತೆ, ಬೇರೆ ಕಣಗಳು ಬಂದು ಸೇರ್ಕೊಳತ್ತೆ, ಬಿ ಸೆಲ್‌ಗಳೂ ಎದ್ದು ಆಂಟಿಬಾಡಿ ಮಾಡೋಕೆ ಶುರು ಮಾಡತ್ತೆ, ವರ್ಷಗಟ್ಟಲೆ ನಿಧಾನಕ್ಕೆ ಪರೈಟಲ್ ಸೆಲ್ ಎಲ್ಲ ಖಾಲಿ. ಇಂಟ್ರಿನ್ಸಿಕ್ ಫ್ಯಾಕ್ಟರ್ ಆಂಟಿಬಾಡಿ ಮಾತ್ರ ಇಲ್ಲಿ ತನ್ನದೇ ಕೆಡುಕು ಮಾಡತ್ತೆ, ಉಳಿದಿರೋ ಅಲ್ಪಸ್ವಲ್ಪ ಇಂಟ್ರಿನ್ಸಿಕ್ ಫ್ಯಾಕ್ಟರನ್ನ ಜಠರದ ರಸದಲ್ಲೇ ತಡೆದು ಬಿ12 ಅಂಟದ ಹಾಗೆ ಮಾಡತ್ತೆ.

ಇನ್ನು ನಾನು ಈ ಪತ್ರ ಬರೆಯೋಕೆ ಮುಖ್ಯ ಕಾರಣ ಆಗಿರೋ ಭಾಗ. ಬಿ12 ತಳ ಕಂಡ ಮೇಲೆ ಏಟು ಬೀಳೋದು ಕೆಂಪು ಕಣಕ್ಕೆ ಮಾತ್ರ ಅಲ್ಲ, ರೋಗನಿರೋಧಕ ಕಣಗಳಿಗೇ ಏಟು ಬೀಳತ್ತೆ. ಡಿಎನ್‌ಎ ಕಟ್ಟೋಕೆ ಥೈಮಿಡಿನ್ ಬೇಕು, ಅದನ್ನ ಮಾಡೋ ದಾರಿಯಲ್ಲಿ ಫೋಲೇಟ್ ಬೇಕು, ಬಿ12 ಇಲ್ಲಾಂದ್ರೆ ಫೋಲೇಟ್ ಕೆಲಸಕ್ಕೆ ಬರದ ರೂಪದಲ್ಲೇ ಸಿಕ್ಕಿಹಾಕ್ಕೊಂಡು ಬಿಡತ್ತೆ. ಹಾಗಾಗಿ ಜೋರಾಗಿ ವಿಭಜನೆ ಆಗೋ ಕಣಗಳೆಲ್ಲ ಅರ್ಧಕ್ಕೇ ನಿಲ್ಲತ್ತೆ, ಅಸ್ಥಿಮಜ್ಜೆಯಲ್ಲಿ ದೊಡ್ಡ ದೊಡ್ಡ ಕಣಗಳು ತುಂಬಿಕೊಂಡು ಹೊರಗೆ ಬರೋಕೂ ಮುಂಚೆನೇ ಅಲ್ಲೇ ಸಾಯತ್ತೆ, ಒಡೆದ ಕಣಗಳಿಂದ ಸೋರೋ ಎಲ್‌ಡಿಎಚ್ ಅನ್ನೋ ಕಿಣ್ವ ರಕ್ತದಲ್ಲಿ ಏರತ್ತೆ, ಕಣ್ಣು ಚೂರು ಹಳದಿ ಆಗತ್ತೆ, ಜಾಂಡೀಸ್ ಅಂತ ತಪ್ಪು ದಾರಿ ಹಿಡಿಯೋರೂ ಇದಾರೆ. ಜೋರಾದ ಕೊರತೆ ಇರೋರಲ್ಲಿ ಬಿಳಿ ಕಣ, ಪ್ಲೇಟ್ಲೆಟ್ ಎಲ್ಲಾನೂ ಒಟ್ಟಿಗೆ ಇಳಿದು ಮನೆಯವರು ಬ್ಲಡ್ ಕ್ಯಾನ್ಸರ್ ಅಂತ ಹೆದರಿ ಬಂದಿರ್ತಾರೆ. ಲಿಂಫೋಸೈಟ್ ಕಥೆನೂ ಇದೇ, ಸೋಂಕು ಬಂದಾಗ ಒಂದು ಟಿ ಸೆಲ್ ಸಾವಿರಾರು ಆಗಬೇಕು, ಡಿಎನ್‌ಎಗೆ ಸಾಮಾನೇ ಇಲ್ಲ ಅಂದ್ರೆ ಎಲ್ಲಿಂದ ಆಗತ್ತೆ.

1999ರಲ್ಲಿ ಜಪಾನಿನಿಂದ ಪ್ರಕಟವಾದ ಒಂದು ಅಧ್ಯಯನದಲ್ಲಿ ಬಿ12 ಕೊರತೆಯ ಅನೀಮಿಯಾ ಇರೋ ರೋಗಿಗಳ ಲಿಂಫೋಸೈಟ್‌ಗಳನ್ನ ಇಂಜೆಕ್ಷನ್ ಕೊಡೋ ಮುಂಚೆ ಮತ್ತೆ ಕೊಟ್ಟ ಮೇಲೆ ಎಣಿಸಿ ನೋಡಿದಾರೆ, ರೋಗಿಗಳ ಸಂಖ್ಯೆ ಚಿಕ್ಕದೇ. ವೈರಸ್ ಹೊಕ್ಕಿರೋ ಕಣಗಳನ್ನ ಕೊಲ್ಲೋ ಸಿಡಿ8 ಸೆಲ್‌ಗಳು ಕಮ್ಮಿ ಇದ್ದವು, ಅದಕ್ಕೇ ಸಿಡಿ4ಕ್ಕೂ ಸಿಡಿ8ಕ್ಕೂ ಇರೋ ಅನುಪಾತ ಮೇಲೆ ಹೋಗಿತ್ತು, ಎನ್‌ಕೆ (ನ್ಯಾಚುರಲ್ ಕಿಲ್ಲರ್) ಸೆಲ್‌ಗಳ ಕೊಲ್ಲೋ ಶಕ್ತಿನೂ ಕುಗ್ಗಿತ್ತು. ಮಿಥೈಲ್‌ಕೋಬಾಲಮಿನ್ ಅನ್ನೋ ಬಿ12 ರೂಪದ ಇಂಜೆಕ್ಷನ್ ಕೊಟ್ಟ ಮೇಲೆ ಸಿಡಿ8 ಏರ್ತು, ಎನ್‌ಕೆ ಶಕ್ತಿ ಚೇತರಿಸ್ಕೊಳ್ತು, ಅನುಪಾತ ಕೆಳಗಿಳೀತು. ನನಗೆ ಇದರಲ್ಲಿ ತುಂಬಾ ಮುಖ್ಯ ಅನ್ನಿಸೋದು ಏನಂದ್ರೆ, ಪರ್ನಿಶಿಯಸ್ ಅನೀಮಿಯಾದಲ್ಲಿ ಇಂಜೆಕ್ಷನ್ ಕೊಟ್ರೆ ಜಠರದ ಮೇಲಿನ ದಾಳಿ ನಿಲ್ಲಲ್ಲ, ಟಿ ಸೆಲ್ ಅಲ್ಲಿ ಇದ್ದೇ ಇರತ್ತೆ, ಆಂಟಿಬಾಡಿನೂ ಇರತ್ತೆ. ಹಾಗಿದ್ದೂ ರಕ್ತದಲ್ಲಿನ ಸಿಡಿ8, ಎನ್‌ಕೆ ಸರಿ ಹೋಗತ್ತೆ ಅಂದ್ರೆ ಆ ಬದಲಾವಣೆ ಬಂದಿದ್ದು ಆಟೋಇಮ್ಯೂನ್ ಗುಣದಿಂದ ಅಲ್ಲ, ವಿಟಮಿನ್ ಇಲ್ಲದೇ ಸೊರಗಿದ್ದರಿಂದ. ಅಂದ್ರೆ ಒಂದೇ ರೋಗಿಯೊಳಗೆ ಎರಡು ಬೇರೆ ಬೇರೆ ಬದಲಾವಣೆ ಒಟ್ಟಿಗೆ ನಡೀತಿರತ್ತೆ, ಜಠರದಲ್ಲಿ ಟಿ ಸೆಲ್‌ಗಳು ಅತಿಯಾಗಿ ಕೆರಳಿರತ್ತೆ, ರಕ್ತದಲ್ಲಿ ಅದೇ ಕುಲದ ಕಣಗಳು ಬಡವಾಗಿರತ್ತೆ. ಮೊದಲನೇದನ್ನ ವಾಸಿ ಮಾಡೋ ಔಷಧಿ ಬಳಕೆಯಲ್ಲಿಲ್ಲ, ಎರಡನೇದನ್ನ ಇಂಜೆಕ್ಷನ್ ವಾಪಸ್ ತರತ್ತೆ. ಇದನ್ನ ಓದುಗರಿಗೆ ಬಿಡಿಸಿ ಹೇಳಿದ್ರೆ ಜೀವನಪೂರ್ತಿ ಇಂಜೆಕ್ಷನ್ ಯಾಕೆ ಬೇಕು ಅನ್ನೋದು ತಾನಾಗೇ ಅರ್ಥ ಆಗತ್ತೆ.

ಸ್ಟೀರಾಯ್ಡ್ ಕೊಟ್ರೆ ದಾಳಿ ನಿಲ್ಲಲ್ವಾ ಅಂತ ಯಾರಾದ್ರೂ ಕೇಳಬಹುದು, ನ್ಯಾಯವಾದ ಪ್ರಶ್ನೆನೇ. ಹಿಂದೆ ಕೊಟ್ಟು ನೋಡಿದಾರೆ, ಕೆಲವರಲ್ಲಿ ಪರೈಟಲ್ ಸೆಲ್ ಮತ್ತೆ ಚಿಗುರಿ ಬಿ12 ಹೀರೋದು ಸ್ವಲ್ಪ ಸುಧಾರಿಸಿದ್ದೂ ನಿಜ. ಆದ್ರೆ ವರ್ಷಗಟ್ಟಲೆ ಸ್ಟೀರಾಯ್ಡ್ ತಗೊಂಡ್ರೆ ಆಗೋ ಹಾನಿ ಎಲ್ಲಿ, ಸುರಕ್ಷಿತವಾದ ಒಂದು ವಿಟಮಿನ್ ಇಂಜೆಕ್ಷನ್ ಎಲ್ಲಿ, ಅದಕ್ಕೇ ಅದನ್ನ ಕೈಬಿಟ್ರು, ಸರಿಯಾಗೇ ಮಾಡಿದ್ರು.

ಲ್ಯಾಬ್ ಕೌಂಟರಲ್ಲಿ ಮತ್ತೆ ಮತ್ತೆ ಕೇಳೋ ಒಂದು ಮಾತಿದೆ, ಅದು ಕೇಳಿದಾಗೆಲ್ಲ ಹೊಟ್ಟೆ ಉರಿಯತ್ತೆ. ರಿಪೋರ್ಟ್ ಕೈಲಿ ಹಿಡ್ಕೊಂಡು ಬಂದು, "ಹೋದ ವರ್ಷ ಬಿ12 ನಾರ್ಮಲ್ ಬಂತಲ್ಲ ಸರ್, ಅದಕ್ಕೇ ಇಂಜೆಕ್ಷನ್ ನಿಲ್ಲಿಸ್ಬಿಟ್ವಿ, ಈಗ ಅಮ್ಮಂಗೆ ಕತ್ತಲಲ್ಲಿ ನಡೆಯೋಕೇ ಆಗ್ತಿಲ್ಲ" ಅಂತಾರೆ. ಕತ್ತಲಲ್ಲಿ ನಡೆಯೋಕಾಗದೇ ಇರೋದು ಕಣ್ಣಿನ ದೋಷ ಆಗಿರಬೇಕು ಅಂತೇನಿಲ್ಲ, ಬೆನ್ನುಹುರಿಯ ಹಿಂಭಾಗದ ನರಗಳ ಮೇಲ್ಪದರ ಹಾಳಾದರೆ ಕಾಲು ಎಲ್ಲಿದೆ ಅಂತ ಮೆದುಳಿಗೆ ಗೊತ್ತಾಗಲ್ಲ, ಬೆಳಕಿದ್ದಾಗ ಕಣ್ಣು ಸಂಭಾಳಿಸತ್ತೆ, ಕತ್ತಲಾದ್ರೆ ತೂರಾಡ್ತಾರೆ. ಅನೀಮಿಯಾ ಆದ್ರೆ ಒಂದೆರಡು ತಿಂಗಳಲ್ಲಿ ಸರಿಹೋಗತ್ತೆ, ನರಕ್ಕೆ ಆದ ಏಟು ತಡವಾದಷ್ಟೂ ಪೂರ್ತಿ ವಾಪಸ್ ಬರಲ್ಲ. ಇಲ್ಲೂ ರೋಗನಿರೋಧಕ ವ್ಯವಸ್ಥೆಯ ಕೈವಾಡ ಇರೋ ಹಾಗಿದೆ, ಬಿ12 ಕೊರತೆ ಇರೋರಲ್ಲಿ ಟಿಎನ್‌ಎಫ್ ಅನ್ನೋ ಉರಿಯೂತದ ಸಿಗ್ನಲ್ ಜಾಸ್ತಿ ಆಗೋದು, ನರಪದರಕ್ಕೆ ಪೋಷಣೆ ಕೊಡೋ ಒಂದು ಬೆಳವಣಿಗೆ ಅಂಶ ಕಮ್ಮಿ ಆಗೋದು ಇಟಲಿಯ ಸಂಶೋಧಕರು ತೋರಿಸಿದಾರೆ.

ಮನೆಯಲ್ಲಿ ಗೊತ್ತಾಗೋಕೆ ಇಷ್ಟು ತಡ ಯಾಕೆ ಆಗತ್ತೆ ಅಂದ್ರೆ, ದಿನಕ್ಕೆ ಬೇಕಿರೋದು 2.4 ಮೈಕ್ರೋಗ್ರಾಂ ಅಷ್ಟೇ, ದೇಹದಲ್ಲಿ, ಅದರಲ್ಲೂ ಲಿವರಲ್ಲಿ, 2ರಿಂದ 5 ಮಿಲಿಗ್ರಾಂ ಸಂಗ್ರಹ ಇರತ್ತೆ. ಅದು ಖಾಲಿ ಆಗೋಕೆ ವರ್ಷಗಳು ಬೇಕು. ಪಿತ್ತರಸದ ಜೊತೆ ಕರುಳಿಗೆ ಬಂದ ಬಿ12 ವಾಪಸ್ ಹೀರಿಕೊಳ್ಳೋಕೂ ಇಂಟ್ರಿನ್ಸಿಕ್ ಫ್ಯಾಕ್ಟರ್ರೇ ಬೇಕು. ಹಾಗಾಗಿ ಪ್ರಾಣಿಮೂಲದ ಆಹಾರ ಮುಟ್ಟದೇ ಇರೋರಿಗೆ ಹಳೇ ಸಂಗ್ರಹ ಸುತ್ತು ಹೊಡೆದು ಹೊಡೆದು ತುಂಬಾ ವರ್ಷ ಬಾಳಿಕೆ ಬರತ್ತೆ, ಪರ್ನಿಶಿಯಸ್ ಅನೀಮಿಯಾ ಇರೋರಿಗೆ ಅದೂ ಸೋರಿ ಹೋಗತ್ತೆ, ಬೇಗ ಖಾಲಿ. ಬರೀ ಸಸ್ಯಾಹಾರದ ಮೇಲೆ ತಪ್ಪು ಹೊರಿಸಿ ಕೈ ತೊಳ್ಕೊಳ್ಳೋರಿಗೆ ಈ ಒಂದು ವಿಷಯ ಗೊತ್ತಿದ್ರೆ ಸಾಕಿತ್ತು.

ಬಿ12 ಖಾಲಿ ಆಗೋಕೂ ಮುಂಚೆ ಇನ್ನೊಂದು ಸುಳಿವು ಸಿಗತ್ತೆ, ಅದನ್ನಂತೂ ಎಲ್ಲರೂ ಕಡೆಗಣಿಸ್ತಾರೆ. ಆಸಿಡ್ ಇಲ್ಲದೇ ಕಬ್ಬಿಣದ ಅಂಶ ಸರಿಯಾಗಿ ಹೀರಲ್ಲ, ಅದರಿಂದ ಚಿಕ್ಕ ವಯಸ್ಸಿನ ಹೆಂಗಸರಲ್ಲಿ ಮೊದಲು ಕಾಣೋದು ಐರನ್ ಕೊರತೆ, ಎಷ್ಟು ಐರನ್ ಮಾತ್ರೆ ನುಂಗಿದ್ರೂ ಏರಲ್ಲ. ಕಬ್ಬಿಣ ಕಮ್ಮಿ ಆದ್ರೆ ಕೆಂಪು ಕಣ ಚಿಕ್ಕದಾಗತ್ತೆ, ಬಿ12 ಕಮ್ಮಿ ಆದ್ರೆ ದೊಡ್ಡದಾಗತ್ತೆ, ಎರಡೂ ಒಟ್ಟಿಗೆ ಇದ್ರೆ ಎಂಸಿವಿ ನಾರ್ಮಲ್ ಅಂತ ಬಂದು ಎಲ್ಲರಿಗೂ ಮೋಸ ಆಗತ್ತೆ, ಆಗ ಸ್ಲೈಡಲ್ಲಿ ಆ ಆರು ಲೋಬಿನ ನ್ಯೂಟ್ರೋಫಿಲ್ಲೇ ಗುಟ್ಟು ಬಿಟ್ಟುಕೊಡೋದು. ಥೈರಾಯ್ಡ್ ಆಟೋಇಮ್ಯೂನ್ ಕಾಯಿಲೆ, ಟೈಪ್ 1 ಡಯಾಬಿಟಿಸ್, ತೊನ್ನು ಇವು ಇರೋರಲ್ಲಿ ಈ ಕಾಯಿಲೆ ಉಳಿದವರಿಗಿಂತ ಜಾಸ್ತಿ. ವಯಸ್ಸಾದವರಲ್ಲೂ ಅಷ್ಟೇ, 1990ರ ದಶಕದಲ್ಲಿ ಅಮೆರಿಕದಲ್ಲಿ 60 ದಾಟಿದ ಜನರನ್ನ ಪರೀಕ್ಷೆ ಮಾಡಿದಾಗ ನೂರಕ್ಕೆ ಸುಮಾರು ಇಬ್ಬರಲ್ಲಿ ಅವರಿಗೇ ಗೊತ್ತಿಲ್ಲದ ಪರ್ನಿಶಿಯಸ್ ಅನೀಮಿಯಾ ಸಿಕ್ತು.

ಪರೀಕ್ಷೆ ವಿಷಯ ನನ್ನ ಕೆಲಸದ್ದೇ ಆದ್ದರಿಂದ ಇದನ್ನ ಹೇಳದೇ ಬಿಡಲ್ಲ. ಇಂಟ್ರಿನ್ಸಿಕ್ ಫ್ಯಾಕ್ಟರ್ ಆಂಟಿಬಾಡಿ ಪಾಸಿಟಿವ್ ಬಂದ್ರೆ ಹೆಚ್ಚುಕಮ್ಮಿ ಖಚಿತ, ಆದ್ರೆ ಕಾಯಿಲೆ ಇರೋರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ನೆಗೆಟಿವ್ವೇ ಬರತ್ತೆ, ಹಾಗಾಗಿ ನೆಗೆಟಿವ್ ಅಂದ ತಕ್ಷಣ ಕಾಯಿಲೆ ಇಲ್ಲ ಅನ್ನಬಾರದು. ಪರೈಟಲ್ ಸೆಲ್ ಆಂಟಿಬಾಡಿ ಬಹುಪಾಲು ರೋಗಿಗಳಲ್ಲಿ ಸಿಗತ್ತೆ, ಆದ್ರೆ ಕಾಯಿಲೆ ಇಲ್ಲದ ಕೆಲವರಲ್ಲೂ ಸಿಗತ್ತೆ. ಆಂಟಿಬಾಡಿಗೆ ರಕ್ತ ಕೊಡೋದು ಬಿ12 ಇಂಜೆಕ್ಷನ್ ತಗೊಳ್ಳೋ ಮುಂಚೆನೇ ಒಳ್ಳೇದು, ಇಂಜೆಕ್ಷನ್ ಆದ ಕೂಡ್ಲೇ ಮಾಡಿದ್ರೆ ಕೆಲವು ವಿಧಾನಗಳಲ್ಲಿ ಸುಳ್ಳು ಪಾಸಿಟಿವ್ ಬರಬಹುದು. ಇನ್ನೂ ಒಂದು, ರಕ್ತದಲ್ಲಿ ಇಂಟ್ರಿನ್ಸಿಕ್ ಫ್ಯಾಕ್ಟರ್ ಆಂಟಿಬಾಡಿ ಜೋರಾಗಿದ್ರೆ ಕೆಲವು ಮಿಷಿನ್‌ಗಳಲ್ಲಿ ಬಿ12 ಮಟ್ಟಾನೇ ಸುಳ್ಳು ನಾರ್ಮಲ್ ತೋರಿಸತ್ತೆ, ಯಾಕಂದ್ರೆ ಆ ಪರೀಕ್ಷೆ ಮಾಡೋಕೆ ಬಳಸೋದೂ ಇಂಟ್ರಿನ್ಸಿಕ್ ಫ್ಯಾಕ್ಟರ್ರೇ. ಲಕ್ಷಣ ಜೋರಾಗಿದ್ದು ನಂಬರ್ ನಾರ್ಮಲ್ ಇದ್ರೆ ಬಿ12 ಕಮ್ಮಿ ಆದಾಗ ರಕ್ತದಲ್ಲಿ ಏರೋ ಮಿಥೈಲ್‌ಮೆಲೋನಿಕ್ ಆಸಿಡ್, ಹೋಮೋಸಿಸ್ಟೀನ್ ನೋಡಬೇಕು. ಕೈಕಾಲು ಜೋಮು, ನಡಿಗೆ ತೊಂದರೆ ಶುರುವಾಗಿದ್ರೆ ರಕ್ತ ತೆಗೆದಿಟ್ಟುಕೊಂಡು ಚಿಕಿತ್ಸೆ ಶುರು ಮಾಡೋದೇ ಸರಿ, ರಿಪೋರ್ಟಿಗೆ ಕಾಯ್ತಾ ಕೂರೋ ಕಾಯಿಲೆ ಅಲ್ಲ ಇದು. ಬಿ12 ನೋಡದೇ ಬರೀ ಫೋಲಿಕ್ ಆಸಿಡ್, ಅಂದ್ರೆ ಫೋಲೇಟಿನ ಮಾತ್ರೆ, ನುಂಗೋದಂತೂ ಬೇಡವೇ ಬೇಡ, ಹಿಮೋಗ್ಲೋಬಿನ್ ಏರಿ ಎಲ್ಲ ಸರಿಹೋಯ್ತು ಅನ್ನಿಸತ್ತೆ, ಒಳಗೊಳಗೇ ನರ ಹಾಳಾಗ್ತಾ ಹೋಗತ್ತೆ.

ಚಿಕಿತ್ಸೆ ಸರಿಯಾಗಿ ಶುರುವಾದ್ರೆ ಬದಲಾವಣೆ ಎಷ್ಟು ಬೇಗ ಅಂದ್ರೆ ಮೂರ್ನಾಲ್ಕು ದಿನಕ್ಕೆ ರೆಟಿಕ್ಯುಲೋಸೈಟ್ ಅನ್ನೋ ಹೊಸ ಕೆಂಪು ಕಣಗಳು ಏರೋಕೆ ಶುರು ಆಗತ್ತೆ, ವಾರದ ಹೊತ್ತಿಗೆ ಅದು ತುದಿ ಮುಟ್ಟತ್ತೆ, ಜಾಸ್ತಿ ಲೋಬಿನ ನ್ಯೂಟ್ರೋಫಿಲ್ ಎರಡು ವಾರದಷ್ಟು ಹೊತ್ತಿಗೆ ಮಾಯ. ಎರಡನೇ ಸ್ಲೈಡಲ್ಲಿ ಇದನ್ನ ನೋಡೋದು ನಮ್ಮ ಕೆಲಸದಲ್ಲಿ ಸಿಗೋ ದೊಡ್ಡ ಸಂತೋಷಗಳಲ್ಲಿ ಒಂದು. ಇಂಜೆಕ್ಷನ್ ಬೇಡ ಅನ್ನೋರಿಗೆ ದಿನಾ 1000 ಮೈಕ್ರೋಗ್ರಾಂ ಮಾತ್ರೆ ಕೊಡೋದೂ ಉಂಟು, ಇಂಟ್ರಿನ್ಸಿಕ್ ಫ್ಯಾಕ್ಟರ್ ಇಲ್ಲದೇನೂ ನುಂಗಿದ್ದರಲ್ಲಿ ನೂರಕ್ಕೆ ಒಂದು ಪಾಲು ಹಾಗೇ ಒಳಗೆ ಹೋಗತ್ತೆ, 1000ದಲ್ಲಿ 10 ಹೋದ್ರೂ ದಿನದ ಅಗತ್ಯ ಮೀರತ್ತೆ. ಯಾವುದು ಯಾರಿಗೆ ಅಂತ ಡಾಕ್ಟರ್ ತೀರ್ಮಾನ ಮಾಡ್ಲಿ. ಜಠರದ ಒಳಪದರ ಸವೆದಿರೋದ್ರಿಂದ ಅಲ್ಲಿ ಗಡ್ಡೆ, ಕ್ಯಾನ್ಸರ್ ಬರೋ ಸಾಧ್ಯತೆ ಉಳಿದವರಿಗಿಂತ ಜಾಸ್ತಿ, ಎಂಡೋಸ್ಕೋಪಿ ಬಗ್ಗೆನೂ ಅವರ ಹತ್ರ ಒಂದು ಮಾತು ಕೇಳಬೇಕು.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಬಿ12 ಲೇಖನ ಹಾಕುವಾಗ ಆಹಾರದ ಪಟ್ಟಿಗೆ ಕೊಡೋ ಜಾಗದಲ್ಲಿ ಅರ್ಧನಾದ್ರೂ ಈ ಕಾಯಿಲೆಗೆ ಕೊಡಿ, ರಕ್ತದ ಕಾಯಿಲೆಗಳ ತಜ್ಞರೊಬ್ಬರ ಹತ್ರ ಬರೆಸಿ. ಬರೆಸುವಾಗ ಪರ್ನಿಶಿಯಸ್ ಅನೀಮಿಯಾ ಅನ್ನೋ ಹೆಸರು ಹಾಕಿಸಿ, ಇಂಟ್ರಿನ್ಸಿಕ್ ಫ್ಯಾಕ್ಟರ್ ಆಂಟಿಬಾಡಿ ಅನ್ನೋ ಪರೀಕ್ಷೆ ಇದೆ ಅಂತ ಹಾಕಿಸಿ, ನಂಬರ್ ನಾರ್ಮಲ್ ಬಂತು ಅಂತ ಇಂಜೆಕ್ಷನ್ ನಿಲ್ಲಿಸಬೇಡಿ ಅನ್ನೋ ಸಾಲನ್ನ ದಪ್ಪಕ್ಷರದಲ್ಲೇ ಹಾಕಿಸಿ. ಜಾಗ ಸಾಲಲ್ಲ ಅಂದ್ರೆ ಈ ಪತ್ರದಲ್ಲಿ ಏನು ಬೇಕಾದ್ರೂ ಕತ್ತರಿಸಿ, ಆ ಕೊನೇ ಸಾಲು ಮಾತ್ರ ಉಳಿಸಿ.

ಇಂತಿ ನಿಮ್ಮ ಓದುಗ,
ಒಬ್ಬ ಲ್ಯಾಬ್ ಟೆಕ್ನಿಷಿಯನ್